ಕುಡುಕನ ತಮಾಷೆ ಯಾರಿಗೆ?

ನಮ್ಮ ಕಡೆಯ ಜಾತ್ರೆಗೆ ನಾಟಕ ಕಂಪನಿ ಬಂತೆಂದರೆ ಕುಡುಕನ ಪಾತ್ರವೊಂದು ಇರಲೇಬೇಕು. ಅಫಜಲಪುರ ತಾಲ್ಲೂಕಿನ ಘತ್ತರಗಿಯಿರಲಿ, ಜೇವರ್ಗಿಯಿರಲಿ, ಅವನು ತೂರಾಡುತ್ತ ಬಂದು ಕಂಬಕ್ಕೆ ಕೈಮುಗಿದು, ಅತ್ತೆಯನ್ನೇ ಹೆಂಡತಿ ಎಂದು ಕರೆದರೆ ಸಾಕು, ಮಂದಿ ಬಿದ್ದು ಬಿದ್ದು ನಗುತ್ತಾರೆ. ಹೆಂಗಸರೂ ನಗುತ್ತೇವೆ. ಇದೇ ಆಟವನ್ನು ಮನೆಯಲ್ಲಿ ದಿನಾ ರಾತ್ರಿ ನೋಡುವವಳೂ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆ. ನನ್ನ ಜಗಳವಿರುವುದು ಈ ನಗುವಿನ ಜೊತೆ.

ಆಳಂದದ ಬಸ್ ನಿಲ್ದಾಣದಲ್ಲಿ ಕುಡಿದವನೊಬ್ಬ ಕಂಡಕ್ಟರನಿಗೆ ಸಲ್ಯೂಟ್ ಹೊಡೆದರೆ ಅದು ತಮಾಷೆ. ಅವನೇ ಮನೆಗೆ ಹೋಗಿ ಉಣ್ಣುವ ತಾಟು ಎಸೆದರೆ 'ಅದು ಅವರ ಮನೆ ಮಾತು' ಎಂದು ಬಾಗಿಲು ಹಾಕಿಕೊಳ್ಳುತ್ತೇವೆ. ಒಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಊರ ಕುಡುಕನ ನಕಲು ಮಾಡುತ್ತಿದ್ದರು. ಒಬ್ಬಳು ಹುಡುಗಿ ನಗಲಿಲ್ಲ. ಕೇಳಿದ್ದಕ್ಕೆ, "ನಮ್ಮಪ್ಪ ಹಂಗ ಬೀಳಲ್ರಿ ಅಕ್ಕೋರೆ, ಹೊಡೀತಾನ" ಎಂದಳು.

ಈಗ ಓದಿದವರ ಹೊಸ ಉಪದೇಶ ಬಂದಿದೆ: ಕುಡಿಯಿರಿ, ಜವಾಬ್ದಾರಿಯಿಂದ ಕುಡಿಯಿರಿ. ಯಾರ ಜವಾಬ್ದಾರಿ ತಾಯಂದಿರೇ? ಅವನ ಚಪ್ಪಲಿ ಹುಡುಕುವುದು, ವಾಂತಿ ಬಳಿಯುವುದು, ಮರುದಿನ ಕೂಲಿಗೆ ಎಬ್ಬಿಸುವುದು, ಅಂಗಡಿಯವನಿಗೆ ಸಾಲದ ಸುಳ್ಳು ಹೇಳುವುದು, ಎಲ್ಲವೂ ಅವಳ ಪಾಲಿಗೆ. ಗಾಡಿ ಓಡಿಸುವವನಿಗಾದರೂ ಕಾನೂನಿದೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಅದು ಅಪರಾಧ. ಊದಿಸಿ ನೋಡುವ ಯಂತ್ರವೂ ಪೊಲೀಸರ ಕೈಯಲ್ಲಿದೆ. ಮನೆಯ ಹೊಸ್ತಿಲಲ್ಲಿ ಊದಿಸುವವರು ಯಾರು? ಇನ್ನು 'ಸ್ವಲ್ಪ ಕುಡಿದರೆ ಮೈಗೆ ಒಳ್ಳೆಯದು' ಎನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಉತ್ತರ ಕೊಟ್ಟಿದೆ: ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ.

2007ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಪಾಕೀಟು ಹೋಯಿತೆಂದು ಎಷ್ಟೋ ಹೆಂಗಸರು ದೇವರಿಗೆ ಕಾಯಿ ಒಡೆಸಿದರು. ಪಾಕೀಟು ಹೋದ ಜಾಗಕ್ಕೆ ತೊಂಬತ್ತು ಎಂ.ಎಲ್. ವಿಸ್ಕಿ ಬಂತು, ದುಡ್ಡು ಮಾತ್ರ ಮೊದಲಿಗಿಂತ ಹೆಚ್ಚು. 2025ರ ಬಜೆಟ್ಟಿನಲ್ಲಿ ಸರಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟುಕೊಂಡಿತು. ಗುರಿ ಮುಟ್ಟಬೇಕಾದರೆ ಕುಡಿಯುವವರು ಕಡಿಮೆಯಾಗಬಾರದಲ್ಲ! ಅದೇ ಮಾರ್ಚ್ ತಿಂಗಳಲ್ಲಿ ತುರುವೇಕೆರೆಯ ಶಾಸಕರು ವಿಧಾನಸಭೆಯಲ್ಲಿ ಎದ್ದು ನಿಂತು, ಹೆಂಗಸರಿಗೆ ತಿಂಗಳಿಗೆ ಎರಡು ಸಾವಿರ ಕೊಡುತ್ತೀರಿ, ಕುಡಿಯುವ ಗಂಡಸರಿಗೂ ವಾರಕ್ಕೆ ಎರಡು ಬಾಟಲಿ ಪುಕ್ಕಟೆ ಕೊಡಿ ಎಂದರು. ಹೆಂಗಸಿನ ಎರಡು ಸಾವಿರ ಎಷ್ಟೋ ಮನೆಗಳಲ್ಲಿ ಮೊದಲೇ ಬಾಟಲಿಯಾಗುತ್ತಿದೆಯೆಂದು ಅವರಿಗೆ ಹೇಳುವವರು ಬೇಕಿತ್ತು.

ಆಳಂದದಿಂದ ಗಡಿ ದಾಟಿದರೆ ಮಹಾರಾಷ್ಟ್ರ. ಅಲ್ಲಿ ಊರಿನ ಹೆಂಗಸರು ಅರ್ಜಿ ಹಾಕಿ ಮತ ಕೇಳಬಹುದು. ಚೀಟಿಯ ಮೇಲೆ ಎರಡು ಚಿತ್ರ, ನಿಂತ ಬಾಟಲಿ ಮತ್ತು ಅಡ್ಡ ಮಲಗಿದ ಬಾಟಲಿ. ಪಟ್ಟಿಯಲ್ಲಿರುವ ಒಟ್ಟು ಮತದಾರ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಾಟಲಿಗೆ ಒತ್ತಿದರೆ ಅಂಗಡಿಗೆ ಬೀಗ. ಮತಕ್ಕೆ ಬಾರದವಳ ಲೆಕ್ಕವೂ ಅಂಗಡಿಯ ಕಡೆಗೇ ಹೋಗುವುದರಿಂದ ಗೆಲ್ಲುವುದು ಸುಲಭವಲ್ಲ. ಆದರೂ ಎಷ್ಟೋ ಊರುಗಳಲ್ಲಿ ಗೆದ್ದಿದ್ದಾರೆ. ಆ ಚೀಟಿ ನಮ್ಮ ಮೂರು ತಾಲ್ಲೂಕಿಗೂ ಬರಲಿ. ಚುನಾವಣೆಯ ಡ್ಯೂಟಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗುವವರು ಹೇಗೂ ನಾವು ಅಕ್ಕೋರುಗಳೇ. ಆ ಒಂದು ದಿನ ಭತ್ಯೆ ಕೇಳುವುದಿಲ್ಲ.