ಹಿರಿಯರನ್ನು ಕುರ್ಚಿಗೆ ಕಟ್ಟಿದವರು ಯಾರು?



ಈ ಸಲ ಹಳೆಯ ನೆನಪುಗಳನ್ನು ಬದಿಗಿಟ್ಟು ನಿಮ್ಮೊಡನೆ ಜಗಳಕ್ಕೇ ಕುಳಿತಿದ್ದೇನೆ. ವೃದ್ಧಾಶ್ರಮಗಳಲ್ಲಿ ನೃತ್ಯ ಬೇಕು, ಅದನ್ನು ಹಿರಿಯರೇ ಮಾಡಬೇಕು ಎಂಬುದು ನನ್ನ ವಾದ.

ಅಕ್ಟೋಬರ್ 1 ಹಿರಿಯರ ದಿನ. 1991ರಿಂದ ಜಗತ್ತು ಅದನ್ನು ಆಚರಿಸುತ್ತಿದೆ. ನಮ್ಮ ಹೆಬ್ಬಗೋಡಿಯ ಕಡೆ ಆ ದಿನ ಯಾವುದಾದರೂ ಶಾಲೆಯ ಮಕ್ಕಳು ಬಂದು ಚಲನಚಿತ್ರ ಗೀತೆಗೆ ಕುಣಿಯುತ್ತಾರೆ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕುಳಿತ ಹಿರಿಯರು ಚಪ್ಪಾಳೆ ತಟ್ಟುತ್ತಾರೆ. ಬಾಳೆಹಣ್ಣು, ಬಿಸ್ಕತ್ತು, ಒಂದು ಫೋಟೋ. ಮರುದಿನದಿಂದ ಮತ್ತೆ ಅದೇ ಕುರ್ಚಿ, ಅದೇ ಟಿ.ವಿ.

ನಾನು ಆಗಾಗ ಹೋಗಿಬರುವ ಒಂದು ಆಶ್ರಮದಲ್ಲಿ (ಹೆಸರು ಬೇಡ) ಆಯಾ ಒಬ್ಬರು ಸಂಜೆಯ ಹೊತ್ತು ಮೊಬೈಲಿನಲ್ಲಿ ಕೋಲಾಟದ ಪದ ಹಾಕಿ, ಕುಳಿತವರ ಕೈಗೆ ಎರಡೆರಡು ಕೋಲು ಕೊಡಲಾರಂಭಿಸಿದರು. ಆನೇಕಲ್ ಕಡೆಯ ಹಳ್ಳಿಯ ಒಬ್ಬ ತಾಯಿಗೆ ಮಗನ ಹೆಸರೇ ನೆನಪಿಲ್ಲ. ಕೋಲು ಕೈಗೆ ಬಂದೊಡನೆ ಆಕೆಯ ತಾಳ ತಪ್ಪಲಿಲ್ಲ; ಎದುರಿನವರು ತಪ್ಪಿದಾಗ ಗದರಿಸಿದರು ಕೂಡ. ಮೂರು ವಾರ ಹೀಗೆ ನಡೆಯಿತು. ಅದರ ವಿಡಿಯೋ ಮತ್ತೊಬ್ಬ ತಾಯಿಯ ಮಗನಿಗೆ ತಲುಪಿತು. “ಈ ವಯಸ್ಸಿನಲ್ಲಿ ನಮ್ಮಮ್ಮನನ್ನು ಕುಣಿಸಲಿ ಎಂದು ನಾವು ದುಡ್ಡು ಕಟ್ಟುತ್ತಿಲ್ಲ” ಎಂದು ಫೋನು ಬಂತು. ಕೋಲುಗಳು ಅಟ್ಟ ಸೇರಿದವು. ಆತ ನನ್ನ ಶಿಷ್ಯನಲ್ಲ ಎಂಬುದೊಂದೇ ಸಮಾಧಾನ. ಆದರೆ ನಿಮ್ಮಲ್ಲಿ ಎಷ್ಟು ಮಂದಿ ಹಾಗೆ ಫೋನು ಮಾಡದೆ ಇರುತ್ತಿದ್ದಿರಿ?

ವ್ಯವಸ್ಥಾಪಕರ ಆಕ್ಷೇಪ ಬೇರೆ: ಬಿದ್ದು ಸೊಂಟ ಮುರಿದರೆ ಉತ್ತರ ಹೇಳುವವರು ಯಾರು? ನ್ಯಾಯವಾದ ಪ್ರಶ್ನೆಯೇ. ಆದರೆ ಬಿದ್ದಾರೆಂದು ಕೂರಿಸುತ್ತೇವೆ. ಕೂತು ಕೂತು ತೊಡೆಯ ಬಲ ಕುಂದುತ್ತದೆ. ಬಲ ಕುಂದಿದವರು ಬಚ್ಚಲುಮನೆಗೆ ಹೋಗುವಾಗಲೇ ಬೀಳುತ್ತಾರೆ. ನೃತ್ಯಚಿಕಿತ್ಸೆ ಎಂದೊಡನೆ ವೇದಿಕೆ, ಗೆಜ್ಜೆ, ಜಿಗಿತ ಎಂದು ಬೆದರಬೇಕಾಗಿಲ್ಲ. ಕುಳಿತೇ ತೋಳು, ಬೆರಳು, ಪಾದಗಳನ್ನು ತಾಳಕ್ಕೆ ಒಗ್ಗಿಸಬಹುದು. ಶಕ್ತರಾದವರು ಕುರ್ಚಿಯ ಬೆನ್ನು ಹಿಡಿದು ನಿಲ್ಲಬಹುದು. 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಈ ಕೆಲಸಕ್ಕಿಳಿದ ಮರಿಯನ್ ಚೇಸ್ ರೋಗಿಗಳ ಸಣ್ಣ ಚಲನೆಯನ್ನೇ ತಾವು ಅನುಸರಿಸಿ ಅದರಿಂದ ನೃತ್ಯ ಬೆಳೆಸಿದರು. ಬ್ರೂಕ್ಲಿನ್ನಿನ ಮಾರ್ಕ್ ಮಾರಿಸ್ ನೃತ್ಯತಂಡ 2001ರಿಂದ ಪಾರ್ಕಿನ್ಸನ್ ರೋಗಿಗಳಿಗೆ ತರಗತಿ ನಡೆಸುತ್ತಿದೆ. ಅಷ್ಟು ದೂರವೇಕೆ? ಕುಳಿತು ಅಭಿನಯಿಸುವುದು ನಮ್ಮ ಪರಂಪರೆಯಲ್ಲೇ ಇದೆ. ಮೈಸೂರು ಅರಮನೆಯ ನರ್ತಕಿ ಕೆ. ವೆಂಕಟಲಕ್ಷಮ್ಮನವರು 1906ರಲ್ಲಿ ಹುಟ್ಟಿದವರು. ಅವರ ಕಲೆಗೆ ದೇಶ 1992ರಲ್ಲಿ ಪದ್ಮಭೂಷಣ ಕೊಟ್ಟಿತು. ನಮ್ಮ ಮನೆಯ ಅಜ್ಜಿ ಬೆರಳಾಡಿಸಿದರೆ ಮಾತ್ರ ಮರ್ಯಾದೆ ಹೋಗುತ್ತದೆ!

ಅತಿಯಾಗಿಯೂ ಹೇಳಬಾರದು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೈಹಿಕ ಚಟುವಟಿಕೆಗಳ ಪೈಕಿ ನೃತ್ಯ ಮಾಡುತ್ತಿದ್ದವರಲ್ಲಿ ಮಾತ್ರ ಮರೆವಿನ ರೋಗ ಕಡಿಮೆ ಕಂಡಿತು. ಇದರಿಂದ ಕಾರಣ ಸಿದ್ಧವಾಗುವುದಿಲ್ಲ; ರೋಗ ಹತ್ತಿದವರು ಕುಣಿಯುವುದನ್ನು ತಾವೇ ಬಿಟ್ಟಿರಲೂಬಹುದು. ಆದ್ದರಿಂದ ಕುಣಿದರೆ ಮರೆವು ವಾಸಿ ಎಂದು ಜಾಹೀರಾತು ಕೊಡುವವರನ್ನು ನಂಬಬೇಡಿ. ಉಳಿದಿರುವ ಸಂಜೆಗಳು ಹೇಗೆ ಕಳೆಯುತ್ತವೆ ಎಂಬುದಷ್ಟೇ ನನ್ನ ಚಿಂತೆ.

ಹಿರಿಯ ನಾಗರಿಕರ 2007ರ ಕಾಯ್ದೆಯ 19ನೆಯ ಕಲಂ ಸರ್ಕಾರದ ವೃದ್ಧಾಶ್ರಮಗಳ ಸೇವೆಗಳನ್ನು ಹೇಳುವಾಗ ವೈದ್ಯಕೀಯ ಆರೈಕೆಯ ಪಕ್ಕದಲ್ಲೇ ಮನರಂಜನೆಯನ್ನೂ ಇರಿಸಿದೆ. ಎಲ್ಲೆಡೆ ಆ ಪದಕ್ಕೆ ಗೋಡೆಯ ಮೇಲಿನ ಟಿ.ವಿ. ಎಂದೇ ಅರ್ಥವಾಗಿದೆ.

2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಹೆಬ್ಬಗೋಡಿಗೂ ಬಂದಿದೆ. ಹೊಸೂರು ರಸ್ತೆಯ ದಟ್ಟಣೆಯ ನೆಪ ಇನ್ನು ನಡೆಯದು. ಮುಂದಿನ ಭಾನುವಾರ ಬಂದಾಗ ಊಟ, ಮಾತ್ರೆಗಳ ವಿಚಾರಣೆ ಮುಗಿಸಿ, ಅಮ್ಮ ಚಿಕ್ಕಂದಿನಲ್ಲಿ ಯಾವ ಪದಕ್ಕೆ ಹೆಜ್ಜೆ ಹಾಕುತ್ತಿದ್ದರೆಂದು ಕೇಳಿ ಬರೆದುಕೊಳ್ಳಿ. ಮೊಣಕಾಲು, ರಕ್ತದೊತ್ತಡಗಳ ಬಗ್ಗೆ ವೈದ್ಯರನ್ನೂ ಕೇಳಿ. ಆ ಬಳಿಕ ನಿಮ್ಮ ಒಪ್ಪಿಗೆಯನ್ನು ಬರೆದು, ಸಹಿ ಹಾಕಿ ವ್ಯವಸ್ಥಾಪಕರ ಕೈಗೆ ಕೊಡಿ. ಬಾಯಿಮಾತಿನ ಒಪ್ಪಿಗೆಗೆ ಅವರು ಅಟ್ಟದಿಂದ ಕೋಲು ಇಳಿಸುವುದಿಲ್ಲ. ನಾನು ಕೇಳಿ ನೋಡಿದ್ದೇನೆ.