ಹಿತ್ತಿಲಿಲ್ಲದ ಮನೆಯ ಹಿತ್ತಿಲು

ಕಳೆದ ಬಾರಿ ಈ ಪುಟದಲ್ಲಿ ನಾನು ಕನಕಾಂಬರದ ಕಾಯಿ ನೀರು ಸೋಕಿದೊಡನೆ ಚಟ್ಟನೆ ಸಿಡಿಯುವ ಸೊಗಸನ್ನು ಕುರಿತು ಬರೆದದ್ದನ್ನು ಓದಿ, ಚನ್ನರಾಯಪಟ್ಟಣದಿಂದ ನಮ್ಮ ದೊಡ್ಡಮ್ಮನವರು ಫೋನು ಮಾಡಿದ್ದರು. “ಎಂ.ಎ. ಓದೋ ಹುಡುಗಿ ಪುಸ್ತಕದ ವಿಷಯ ಬರೆಯೋದು ಬಿಟ್ಟು ಕುಂಡದ ವಿಷಯ ಬರೀತೀಯಲ್ಲೇ!” ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆ ಮುಗಿದ ಮೇಲೆ ಅವರು ಮುಕ್ಕಾಲು ಗಂಟೆ ಮಾತನಾಡಿದ್ದು ತಮ್ಮ ತೋಟದ ತೆಂಗಿನ ಗರಿಗಳಿಗೆ ಬಿದ್ದಿರುವ ಕಪ್ಪುತಲೆ ಹುಳುವಿನ ವಿಷಯವನ್ನು. ನಮ್ಮ ವಂಶದಲ್ಲಿ ಯಾರೇ ಆಗಲಿ, ಯಾವ ಮಾತನ್ನೇ ಆರಂಭಿಸಲಿ, ಬಂದು ನಿಲ್ಲುವುದು ಮಣ್ಣಿನ ಬಳಿಗೇ. ಆದುದರಿಂದ ವಾಚಕರು ಈ ಸಲವೂ ನನ್ನನ್ನು ಕ್ಷಮಿಸಬೇಕು.

ಹಾಸನದಲ್ಲಿ ನಾವು ಬಾಡಿಗೆಗಿರುವ ಮನೆಗೆ ಹಿತ್ತಿಲೆಂಬುದಿಲ್ಲ. ಅಡುಗೆಮನೆಯ ಬಾಗಿಲು ತೆರೆದರೆ ನಾಲ್ಕು ಮಂಚ ಹಿಡಿಸುವಷ್ಟು ಸಿಮೆಂಟಿನ ಅಂಗಳ. ಒಂದು ಮೂಲೆಯಲ್ಲಿ ಒಗೆಯುವ ಕಲ್ಲು, ಇನ್ನೊಂದರಲ್ಲಿ ನೀರಿನ ತೊಟ್ಟಿ. ಉಳಿದ ಜಾಗದಲ್ಲಿ ಹದಿನೇಳು ಕುಂಡಗಳಿವೆ. ‘ಕುಂಡ’ವೆಂದು ನಾನು ಗೌರವಕ್ಕಾಗಿ ಬರೆದೆನೇ ಹೊರತು, ಅವುಗಳಲ್ಲಿ ಅರ್ಧಕ್ಕರ್ಧ ಬಣ್ಣದ ಡಬ್ಬಗಳು, ಒಡೆದ ಬಕೆಟ್ಟುಗಳು. ಬೆಳಗ್ಗೆ ಎದ್ದು ಅವುಗಳಿಗೆ ನೀರು ಹನಿಸಿ, ಅಮ್ಮನಿಗೆ ಕಾಯಿ ತುರಿದುಕೊಟ್ಟು, ತಿಂಡಿ ತಿಂದು ನಾನು ಹೇಮಗಂಗೋತ್ರಿಗೆ ಹೊರಡುತ್ತೇನೆ. ಎಷ್ಟೋ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಆವರಣವದು. ಸಂಜೆ ಮನೆಗೆ ಬಂದವಳು ಪುಸ್ತಕದ ಚೀಲವನ್ನಿಳಿಸುವ ಮೊದಲು ಅಂಗಳಕ್ಕೆ ಇಣುಕದಿದ್ದ ದಿನವಿಲ್ಲ.

ಈ ಹದಿನೇಳಕ್ಕೆ ಹದಿನೆಂಟನೆಯದಾಗಿ ಒಂದು ಗೋಣಿಚೀಲ ಬಂದು ಸೇರಿದ್ದು ಅಜ್ಜಿಯ ಜೊತೆಯಲ್ಲಿ.

ಅಜ್ಜಿ ಇದ್ದದ್ದು ಹೊಳೆನರಸೀಪುರದ ಹೆಂಚಿನ ಮನೆಯಲ್ಲಿ. ತಾತ ಹೋದ ಮೇಲೂ ಒಬ್ಬಳೇ ಇದ್ದಳು. ಆ ಮನೆಗೆ ಹಿತ್ತಿಲೇ ಮುಖ್ಯ, ಮನೆ ಅದರ ಮುಂದಿನ ಜಗಲಿಯಷ್ಟೇ ಎಂದರೂ ಸಲ್ಲುತ್ತದೆ. ಸೇದುವ ಬಾವಿ, ಕರಿಬೇವು, ನುಗ್ಗೆ, ದೊಡ್ಡಪತ್ರೆ, ಬಚ್ಚಲ ನೀರು ಹರಿಯುವೆಡೆಯಲ್ಲಿ ಬಾಳೆ, ಬಾವಿಯ ಕಂಬಕ್ಕೆ ಹಬ್ಬಿದ ಮಲ್ಲಿಗೆ. ಈ ವರ್ಷದ ಮೇ ತಿಂಗಳಲ್ಲಿ ಮಂಡಿನೋವು ಹೆಚ್ಚಾಯಿತೆಂದು ಅಮ್ಮ ಆಕೆಯನ್ನು ಕರೆತಂದಳು. ಬಂದ ಮರುದಿನವೇ ಅಜ್ಜಿ ಅಂಗಳವನ್ನು ಒಮ್ಮೆ ನೋಡಿ, “ಮಣ್ಣು ಕಾಣದ ಮನೇಲಿ ಹೇಗೇ ಇರ್ತೀರಿ?” ಎಂದಳು. ಆಮೇಲೆ ಅರಕಲಗೂಡಿನ ಚಿಕ್ಕಪ್ಪನಿಗೆ ಫೋನು ಮಾಡಿಸಿ, ಬಿತ್ತನೆ ಆಲೂಗೆಡ್ಡೆಯಲ್ಲಿ ನಾಲ್ಕು ಗೆಡ್ಡೆ ತಂದುಕೊಡೆಂದು ಆಜ್ಞಾಪಿಸಿದಳು.

ಹಾಸನದವರಿಗೆ ಆಲೂಗೆಡ್ಡೆಯ ವಿಷಯವನ್ನು ಹೇಳಬೇಕಾದುದಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಉತ್ತರ ಹಿಂದೂಸ್ಥಾನದಲ್ಲಿ ಇದು ಚಳಿಗಾಲದ ಬೆಳೆ. ಮೂರು ಸಾವಿರ ಅಡಿ ಎತ್ತರದ ನಮ್ಮ ಸೀಮೆಯ ತಂಪಿನಿಂದಾಗಿ ಇಲ್ಲಿ ಮುಂಗಾರಿನಲ್ಲೇ ಬಿತ್ತುತ್ತಾರೆ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದಿಂದ ಲಾರಿಗಳಲ್ಲಿ ಬಂದು ಹಾಸನದ ಮಾರುಕಟ್ಟೆಯಲ್ಲಿ ಇಳಿಯುತ್ತದೆ. ಮಳೆಗಾಲದ ಬೆಳೆಯಾದ್ದರಿಂದಲೇ ಇದಕ್ಕೆ ಅಂಗಮಾರಿ ರೋಗದ ಕಾಟ. ಜಡಿಮಳೆ, ಮೋಡ, ತಂಪು ಮೂರೂ ಕೂಡಿ ಒಂದು ವಾರ ನಿಂತರೆ ಹಸಿರಾಗಿದ್ದ ಹೊಲ ಬಿಸಿನೀರು ಎರಚಿದಂತೆ ಕಪ್ಪಗಾಗುತ್ತದೆ. 1845ರಿಂದ ಕೆಲವು ವರ್ಷ ಐರ್ಲೆಂಡನ್ನು ಕಾಡಿ, ಹತ್ತು ಲಕ್ಷದಷ್ಟು ಜನರ ಸಾವಿಗೆ ಕಾರಣವಾದ ಬರಗಾಲಕ್ಕೆ ಮೂಲವೂ ಈ ರೋಗವೇ. ಈ ರೋಗದ ಹೊಡೆತಕ್ಕೆ ಸಿಕ್ಕಿ ನಮ್ಮ ಜಿಲ್ಲೆಯಲ್ಲಿ ಎಷ್ಟೋ ರೈತರು ಆಲೂಗೆಡ್ಡೆಯನ್ನು ಬಿಟ್ಟು ಜೋಳಕ್ಕೂ ಶುಂಠಿಗೂ ತಿರುಗಿದ್ದಾರೆ. ಚಿಕ್ಕಪ್ಪ ಬಿಟ್ಟಿರಲಿಲ್ಲ.

ಅಜ್ಜಿ ಗೆಡ್ಡೆಗಳನ್ನು ಒಂದೊಂದು ಹೋಳಿಗೆ ಎರಡು ಕಣ್ಣಾದರೂ ಇರುವಂತೆ ಕೊಯ್ದು, ಕೊಯ್ದ ಮೈಗೆ ಬೂದಿ ಸವರಿ, ಎರಡು ದಿನ ನೆರಳಿನಲ್ಲಿಟ್ಟಳು. ಗೋಣಿಚೀಲದ ಬಾಯನ್ನು ಅರ್ಧದವರೆಗೆ ಮಡಿಸಿ, ಅದರಲ್ಲಿ ಮಣ್ಣು, ಕೊಟ್ಟಿಗೆ ಗೊಬ್ಬರ, ದೊಡ್ಡಮ್ಮ ಕಳಿಸಿದ್ದ ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿಸಿ, ಹೋಳುಗಳನ್ನು ಹೂಳಿಸಿದಳು. ಗಿಡ ಗೇಣುದ್ದವಾದಂತೆಲ್ಲ ಚೀಲದ ಮಡಿಕೆ ಬಿಚ್ಚುತ್ತ ಮಣ್ಣು ಏರಿಸುವುದು ನನ್ನ ಕೆಲಸ. ಗೆಡ್ಡೆ ಕಟ್ಟುವುದು ಮಣ್ಣಿನೊಳಗೆ ಮುಚ್ಚಿಹೋದ ಕಾಂಡದಿಂದಾದ್ದರಿಂದ ಈ ಉಪಾಯ. ಮೊಣಕಾಲುದ್ದದ ಗೋಣಿಚೀಲವೊಂದು ನಮ್ಮ ಹೊಲವಾಯಿತು.

ಈ ನಡುವೆ ನನ್ನ ಕಿರುಪ್ರಬಂಧವೂ ನಡೆದಿತ್ತು. ಗೊರೂರಿನ ಬಳಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟಿಗಾಗಿ ಊರು ಬಿಟ್ಟವರನ್ನು ಕುರಿತದ್ದು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ಹಿನ್ನೀರಿನೊಳಗೆ ಅರ್ಧ ಮುಳುಗಿ, ಬೇಸಗೆಯಲ್ಲಿ ಮೇಲೇಳುವುದನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ. ಅಲ್ಲಿಂದ ಗಂಟುಮೂಟೆ ಕಟ್ಟಿ ಹೊರಟವರನ್ನು ಕೇಳುವವರು ಕಡಮೆ. ನಾನು ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡಿದ್ದೆ: ಎಷ್ಟು ಎಕರೆ ಹೋಯಿತು, ಪರಿಹಾರ ಎಷ್ಟು ಬಂತು, ಬದಲಿ ಜಮೀನು ಎಲ್ಲಿ. ಒಂದು ರಾತ್ರಿ ಅದನ್ನು ಅಜ್ಜಿಗೆ ಓದಿ ಹೇಳಿದೆ. “ಎಲ್ಲಾ ಸರಿ. ಹಿತ್ತಿಲಿಂದ ಏನು ಕಿತ್ಕೊಂಡು ಬಂದ್ರಿ ಅಂತ ಕೇಳಿಲ್ಲವಲ್ಲೇ?” ಎಂದಳು. ನಗು ಬಂತು. ಆದರೂ ಪಟ್ಟಿಯ ಕೊನೆಯಲ್ಲಿ ಬರೆದುಕೊಂಡೆ. ಮುಂದಿನ ಭಾನುವಾರ ನಾನು ಭೇಟಿ ಮಾಡಿದ ಮುದುಕಿಯೊಬ್ಬರು ಪರಿಹಾರದ ಪ್ರಶ್ನೆಗೆಲ್ಲ “ನಮ್ಮ ಯಜಮಾನ್ರಿಗೆ ಗೊತ್ತಿತ್ತು” ಎಂದು ಮುಗಿಸಿದವರು, ಈ ಪ್ರಶ್ನೆಗೆ ಮಾತ್ರ ನನ್ನ ಕೈಹಿಡಿದು ಮನೆಯ ಹಿಂದಕ್ಕೆ ಕರೆದೊಯ್ದು ಒಂದು ನಿಂಬೆ ಗಿಡ ತೋರಿಸಿದರು. ನನ್ನ ಮೇಷ್ಟರು ಆ ಪ್ರಶ್ನೆಯನ್ನು ಪಟ್ಟಿಯ ಮೊದಲಿಗೆ ತರಹೇಳಿದ್ದಾರೆ.

ಜುಲೈ ಕೊನೆಯ ವಾರ ಸೂರ್ಯನ ಮುಖ ಕಾಣಲಿಲ್ಲ. ಒಂದು ಬೆಳಗ್ಗೆ ಆಲೂಗೆಡ್ಡೆಯ ಎಲೆಯಂಚಿನಲ್ಲಿ ನೀರು ನೆಂದಂತಹ ಕಂದು ಮಚ್ಚೆ ಕಂಡೆ. ಅಜ್ಜಿ ಎಲೆಯನ್ನು ಮಗುಚಿ ನೋಡಿದಳು. ಅಡಿಯಲ್ಲಿ ಬೆಳ್ಳಗೆ ಬೂಷ್ಟಿನ ಗೆರೆ. ಆಕೆ ಗಿಡದ ವಿಷಯವಾಗಿ ಏನೂ ಹೇಳಲಿಲ್ಲ. “ನಿನ್ನ ಚಿಕ್ಕಪ್ಪನಿಗೆ ಫೋನು ಹಚ್ಚು” ಎಂದಳು. ಚಿಕ್ಕಪ್ಪನ ಹೊಲ ಅದಾಗಲೇ ನಾಲ್ಕು ದಿನದ ಹಿಂದೆ ಕಪ್ಪಾಗಿತ್ತು. ಮೂರು ಸಲ ಔಷಧಿ ಹೊಡೆಸಿದ್ದರಂತೆ. ಹೊಡೆದ ಗಂಟೆಯೊಳಗೆ ಮಳೆ ತೊಳೆದುಕೊಂಡು ಹೋಯಿತಂತೆ. ಸೊಸೈಟಿಯ ಸಾಲ, ಅದರ ಮೇಲೆ ಕೈಸಾಲ. ಇವನ್ನೆಲ್ಲ ಅವರು ನಮಗೆ ಹೇಳಿರಲಿಲ್ಲ. ಫೋನಿನಲ್ಲಿ ನಮಗೆ ಹೇಳಿದ್ದು ಇಷ್ಟೇ: “ಗಿಡದ ಮೇಲ್ಭಾಗ ಕೊಯ್ದು ದೂರ ಹಾಕಿಬಿಡಿ, ರೋಗ ಗೆಡ್ಡೆಗೆ ಇಳಿಯೋದು ತಪ್ಪುತ್ತೆ. ಎರಡು ವಾರ ಬಿಟ್ಟು ಅಗೀರಿ, ಸಿಪ್ಪೆ ಗಟ್ಟಿಯಾಗಿರುತ್ತೆ.”

ಹೊಳೆನರಸೀಪುರದ ಮನೆ ಮಾರುವ ಮಾತು ಎತ್ತಿದವಳು ಅಜ್ಜಿಯೇ. ಅಮ್ಮ ಅತ್ತಳು, ದೊಡ್ಡಮ್ಮ ಬೇಡವೆಂದು ವಾದಿಸಿದರು, ಚಿಕ್ಕಪ್ಪ ಎರಡು ದಿನ ಫೋನನ್ನೇ ಎತ್ತಲಿಲ್ಲ. ನಾನು, ಊರು ಬಿಟ್ಟವರ ವಿಷಯವಾಗಿ ಅರವತ್ತು ಪುಟ ಬರೆದವಳು, ಒಂದು ಮಾತೂ ಆಡಲಾರದೆ ಕುಳಿತಿದ್ದೆ. ಆಷಾಢ ಕಳೆದು ಶ್ರಾವಣದಲ್ಲಿ ನೋಂದಣಿ ಎಂದು ನಿಶ್ಚಯವಾಯಿತು.

ಕಚೇರಿಯಲ್ಲಿ ಬೆರಳಿನ ಗುರುತು ಹಿಡಿಯುವ ಯಂತ್ರ ಅಜ್ಜಿಯ ಹೆಬ್ಬೆರಳನ್ನು ಮೂರು ಸಲ ಒಪ್ಪಲಿಲ್ಲ. ಪಾತ್ರೆಯ ಬೂದಿ, ಹಿತ್ತಿಲ ಮಣ್ಣು ತಿಕ್ಕಿ ತಿಕ್ಕಿ ಗೆರೆಗಳು ಸವೆದಿದ್ದವು. ಗುಮಾಸ್ತೆಯಾಗಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಬೆರಳನ್ನು ಮೃದುವಾಗಿ ಒರೆಸಿ ಮತ್ತೊಮ್ಮೆ ಒತ್ತಿಸಿದಳು. ನಾಲ್ಕನೆಯ ಸಲ ಹಿಡಿಯಿತು. ಕ್ರಯಪತ್ರದ ಮೇಲೆ ಅಜ್ಜಿ ತನ್ನ ಪೂರ್ತಿ ಹೆಸರನ್ನು ಅಕ್ಷರ ಬಿಡಿಬಿಡಿಯಾಗಿ ಬರೆದಳು.

ಹಿಂದಿರುಗುವ ಮೊದಲು ಮನೆಗೆ ಹೋದೆವು. ಮೇ ತಿಂಗಳಲ್ಲಿ ಹೊರಡುವಾಗಲೇ ಅಜ್ಜಿ ಮಲ್ಲಿಗೆಯ ಬಳ್ಳಿಯೊಂದನ್ನು ನೆಲಕ್ಕೆ ಬಾಗಿಸಿ, ನಡುವೆ ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಹೇರಿಟ್ಟಿದ್ದಳು. ಈಗ ಅದು ಬೇರು ಬಿಟ್ಟಿತ್ತು. ಮಂಡಿನೋವಿಗೆಂದು ಹಾಸನಕ್ಕೆ ಬಂದವಳು ಆ ಕಲ್ಲನ್ನು ಯಾವ ಯೋಚನೆಯಿಂದ ಹೇರಿದಳೋ, ನಾನು ಕೇಳಲಿಲ್ಲ. ತಾಯಿಬಳ್ಳಿಯಿಂದ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದೆವು. 2023ರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದದ್ದು ಸರಿಯಷ್ಟೆ. ಮಲ್ಲಿಗೆಗೆ ಲಗೇಜು ಚಾರ್ಜು ಕೇಳಬೇಕೋ ಬೇಡವೋ ಎಂದು ಕಂಡಕ್ಟರು ಸ್ವಲ್ಪ ಹೊತ್ತು ಯೋಚಿಸಿ, ಅಜ್ಜಿಯ ಮುಖ ನೋಡಿ ಮುಂದಕ್ಕೆ ಹೋದರು.

ಅಂದು ಸಂಜೆ ಚಿಕ್ಕಪ್ಪನೂ ನಮ್ಮ ಜೊತೆಯಲ್ಲೇ ಬಂದಿದ್ದರು. ಅಜ್ಜಿ ಗೋಣಿಚೀಲವನ್ನು ಅಂಗಳದಲ್ಲಿ ಮಗುಚಿಸಿದಳು. ಮೂರು ಕೊಳೆತಿದ್ದವು, ಉಳಿದವು ನಿಂಬೆಹಣ್ಣಿನ ಗಾತ್ರದವು, ತೂಗಿದರೆ ಒಂದು ಕಿಲೋ ಆಗಲಿಕ್ಕಿಲ್ಲ. ಅಮ್ಮ ಸಿಪ್ಪೆ ಸುಲಿಯದೆಯೇ ಬೇಯಿಸಿ ಪಲ್ಯ ಮಾಡಿದಳು. ಚೀಲದ ಮಣ್ಣನ್ನು ಮಲ್ಲಿಗೆಗೆ ಹಾಕಲು ಹೊರಟ ನನ್ನನ್ನು ಚಿಕ್ಕಪ್ಪ ತಡೆದು, ಹೊಸ ಮಣ್ಣೇ ಹಾಕೆಂದರು. ಇಡೀ ದಿನದಲ್ಲಿ ಅವರು ನನ್ನೊಡನೆ ಆಡಿದ ಮಾತು ಅದೊಂದೇ.

ಊಟಕ್ಕೆ ಕುಳಿತಾಗ ಅಜ್ಜಿ ಕೇಳಿದಳು: “ಬರೋ ವರ್ಷ ಬಿತ್ತನೆ ಗೆಡ್ಡೆಗೆ ಹಾಸನಕ್ಕೆ ಬರ್ತೀಯೇನೋ?”

ಚಿಕ್ಕಪ್ಪ ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದು, ಅಮ್ಮನ ಕಡೆಗೆ ತಿರುಗಿ, “ಅತ್ತಿಗೆ, ಪಲ್ಯ ಇನ್ನೊಂದು ಚೂರು ಇದ್ರೆ ಹಾಕಿ” ಎಂದರು.