ಉದ್ಯೋಗದ ಅಭದ್ರತೆ: ಕಾರ್ಮಿಕರ ಅಳುಕನ್ನು ಅಳೆಯುವ ಬಗೆ

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಕಾರ್ಮಿಕರು ಬೀದಿಗಿಳಿದು ಹೊಸೂರು ರಸ್ತೆಯೇ ಮೊದಲಾದೆಡೆ ಸಂಚಾರವನ್ನು ಸ್ಥಗಿತಗೊಳಿಸಿದರು. ಅವರಲ್ಲಿ ಬಹುಪಾಲು ಮಹಿಳೆಯರು. ಬೇಡಿಕೆ ವೇತನದ್ದಲ್ಲ, ಬೋನಸ್ಸಿನದೂ ಅಲ್ಲ. ಭವಿಷ್ಯ ನಿಧಿಯಲ್ಲಿ ಮಾಲೀಕರು ಸಲ್ಲಿಸುವ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲವೆಂಬ ಆ ವರ್ಷದ ಫೆಬ್ರವರಿಯ ಅಧಿಸೂಚನೆಯೇ ಕಾರಣ. ಕೇಂದ್ರ ಸರ್ಕಾರವು 19ರಂದೇ ಅದನ್ನು ಹಿಂತೆಗೆದುಕೊಂಡಿತು. ಕಡತ ಬರೆದವರ ದೃಷ್ಟಿಯಲ್ಲಿ ಅದು ವೃದ್ಧಾಪ್ಯದ ಉಳಿತಾಯ. ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ ಒಂದು ಕೆಲಸ ಹೋಗಿ ಇನ್ನೊಂದು ಸಿಗುವ ತನಕ ಮನೆ ನಡೆಸುವ ಹಣ. ತನ್ನ ಕೆಲಸ 58ರವರೆಗೆ ಉಳಿದೀತೆಂಬ ನಂಬಿಕೆಯೇ ಆಕೆಗಿರಲಿಲ್ಲ. ಈ ಅಪನಂಬಿಕೆಗೆ ಯಾವ ಕಾರ್ಖಾನೆಯ ಲೆಕ್ಕಪತ್ರದಲ್ಲಿಯೂ ಅಂಕಣವಿರುವುದಿಲ್ಲ.

ಉದ್ಯೋಗ ಭದ್ರತೆಯೆಂದರೆ ನೇಮಕಾತಿ ಪತ್ರ, ಹಾಜರಿ ಪುಸ್ತಕ, ಭವಿಷ್ಯ ನಿಧಿಯ ಸಂಖ್ಯೆ ಎಂದು ಭಾವಿಸುವುದು ವಾಡಿಕೆ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯೂ ಇಂಥವನ್ನೇ ಕೇಳುತ್ತದೆ. ಕೃಷಿಯೇತರ ಕ್ಷೇತ್ರದಲ್ಲಿ ನಿಯತ ಸಂಬಳ ಪಡೆಯುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಿಖಿತ ಕರಾರಿಲ್ಲವೆಂದು ಅದರ ವಾರ್ಷಿಕ ವರದಿಗಳು ತಿಳಿಸುತ್ತ ಬಂದಿವೆ. ಆದರೆ ಕರಾರು ಬೇರೆ, ಅಳುಕು ಬೇರೆ. ಹದಿನೈದು ವರ್ಷ ಸೇವೆ ಸಲ್ಲಿಸಿದ ಖಾಯಂ ನೌಕರ ರಾತ್ರಿಯೆಲ್ಲ ನಿದ್ದೆಗೆಡಬಹುದು. ಕರಾರಿಲ್ಲದ ಡೈ ತಯಾರಕ, ತನ್ನ ಕೈಚಳಕಕ್ಕೆ ಎಲ್ಲಿಯಾದರೂ ಬೆಲೆಯುಂಟೆಂಬ ಧೈರ್ಯದಿಂದ ನಿಶ್ಚಿಂತನಾಗಿರಬಹುದು.

ಈ ಅಳುಕನ್ನು ಅಳೆಯುವ ಶಾಸ್ತ್ರ ಹೊಸದೇನಲ್ಲ. 1984ರಲ್ಲಿ ಗ್ರೀನ್‌ಹಾಲ್ಗ್ ಮತ್ತು ರೋಸೆನ್‌ಬ್ಲಾಟ್ ಎಂಬ ವಿದ್ವಾಂಸರು, ಅಭದ್ರತೆಯ ಭಾವನೆಯಲ್ಲಿ ಅಪಾಯದ ತೀವ್ರತೆಯ ಜೊತೆಗೆ ಅದನ್ನು ತಡೆಯಲಾರೆನೆಂಬ ಅಸಹಾಯಕತೆಯೂ ಸೇರಿದೆಯೆಂದು ಪ್ರತಿಪಾದಿಸಿದರು. 1989ರಲ್ಲಿ ಆಶ್‌ಫರ್ಡ್ ಮತ್ತು ಸಂಗಡಿಗರು ಇದಕ್ಕೆ 57 ಅಂಶಗಳ ಪ್ರಶ್ನಾವಳಿಯನ್ನು ರಚಿಸಿದರು. ಪಾಳಿ ಮುಗಿಸಿ ಬಸ್ಸು ಹಿಡಿಯುವ ಅವಸರದಲ್ಲಿರುವವರ ಕೈಗೆ ಅಂಥದನ್ನು ಕೊಡುವುದು ವ್ಯರ್ಥ. ಬೆಲ್ಜಿಯಂನ ಹ್ಯಾನ್ಸ್ ಡಿ ವಿಟ್ಟೆ ರೂಪಿಸಿದ ಅಳತೆಯಲ್ಲಿ ಇರುವುದು ನಾಲ್ಕೇ ವಾಕ್ಯ. ಉತ್ತರಕ್ಕೆ ಐದು ಮೆಟ್ಟಿಲು. 2014ರಲ್ಲಿ ಅದು ಯೂರೋಪಿನ ಐದು ದೇಶಗಳಲ್ಲಿ ಪರೀಕ್ಷೆಗೊಳಗಾಗಿ ಊರ್ಜಿತವಾಯಿತು. ಅಮೆರಿಕದ ಸಾಮಾನ್ಯ ಸಾಮಾಜಿಕ ಸಮೀಕ್ಷೆಯು 1970ರ ದಶಕದಿಂದಲೂ ಎರಡು ಪ್ರಶ್ನೆಗಳನ್ನು ಕೇಳುತ್ತಿದೆ: ಮುಂದಿನ ಹನ್ನೆರಡು ತಿಂಗಳಲ್ಲಿ ಕೆಲಸ ಹೋಗುವ ಸಂಭವವೆಷ್ಟು, ಇಷ್ಟೇ ಆದಾಯದ ಬೇರೆ ಕೆಲಸ ಸಿಗುವುದು ಎಷ್ಟು ಸುಲಭ? ಸಣ್ಣ ಕೈಗಾರಿಕೆಗಳಿಗೆ ಈ ಜೋಡಿಯೇ ಹೆಚ್ಚು ಉಪಯುಕ್ತ. ಮೊದಲನೆಯದಕ್ಕೆ ‘ಹೆಚ್ಚು’ ಎಂದೂ ಎರಡನೆಯದಕ್ಕೆ ‘ಸುಲಭ’ ಎಂದೂ ಉತ್ತರಿಸುವವರೇ ನಾಳೆ ಬಿಟ್ಟು ಹೋಗುವವರು. ಸಾಮಾನ್ಯವಾಗಿ ಅತ್ಯಂತ ನುರಿತವರೂ ಅವರೇ.

ಕೆಲಸ ಉಳಿದರೂ ಅದರ ಗುಣ ಕೆಡಬಹುದೆಂಬ ಆತಂಕ ಇನ್ನೊಂದುಂಟು. ಸ್ವೀಡನ್ನಿನ ಸಂಶೋಧಕರು 1999ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದರು. ಓವರ್‌ಟೈಮ್ ನಿಂತೀತೇ, ಹೊಸ ಸಿಎನ್‌ಸಿ ಯಂತ್ರ ಬಂದ ಮೇಲೆ ಹಳೆಯ ಲೇತ್‌ನವನು ಸಹಾಯಕನಾಗಬೇಕೇ ಎಂಬ ಚಿಂತೆ ಈ ಬಗೆಯದು. ಇದನ್ನು ಬೇರೆಯಾಗಿಯೇ ಕೇಳಬೇಕು.

ಸ್ವಲ್ಪ ಅಂಜಿಕೆಯಿದ್ದರೆ ಕೆಲಸ ಚೆನ್ನಾಗಿ ಸಾಗುತ್ತದೆ ಎಂಬ ಮಾತು ಉದ್ಯಮಿಗಳ ವಲಯದಲ್ಲಿ ಕೇಳಿಬರುವುದುಂಟು. ಸ್ವೆರ್ಕೆ ಮತ್ತು ಸಹೋದ್ಯೋಗಿಗಳು 2002ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಅಭದ್ರತೆ ಹೆಚ್ಚಿದಲ್ಲಿ ತೃಪ್ತಿ, ಸಂಸ್ಥೆಯ ಮೇಲಿನ ನಿಷ್ಠೆ, ಆರೋಗ್ಯ ಕುಂದಿದ್ದವು. ಕೆಲಸ ಬಿಡುವ ಇಚ್ಛೆ ಬೆಳೆದಿತ್ತು. ಕಾರ್ಯನಿರ್ವಹಣೆಯೊಂದಿಗಿನ ಸಂಬಂಧ ಮಾತ್ರ ಅಷ್ಟು ಸ್ಪಷ್ಟವಾಗಿರಲಿಲ್ಲ. ಅಂದರೆ ದಿನದ ಉತ್ಪಾದನೆಯ ಎಣಿಕೆಯಲ್ಲಿ ಈ ಅಳುಕು ಕಾಣಿಸಿಕೊಳ್ಳದೆ ಇರಬಹುದು. ಮಾಲೀಕರು ಮೋಸಹೋಗುವುದು ಇಲ್ಲಿಯೇ. ಅಮೆರಿಕದ ತಾಹಿರಾ ಪ್ರಾಬ್ಸ್ಟ್ ಮತ್ತು ಬ್ರೂಬೇಕರ್ 2001ರಲ್ಲಿ ಪ್ರಕಟಿಸಿದ, ಆಹಾರ ಸಂಸ್ಕರಣಾ ಘಟಕಗಳ ಅಧ್ಯಯನದಲ್ಲಿ ಅಭದ್ರತೆಯ ಭಾವನೆಯು ಸುರಕ್ಷತಾ ನಿಯಮಗಳ ಪಾಲನೆಯನ್ನು ಸಡಿಲಗೊಳಿಸುವುದು ಕಂಡುಬಂದಿತ್ತು. ಕೆಲಸ ಹೋದೀತೆಂದು ಹೆದರಿದವನು ಪವರ್ ಪ್ರೆಸ್ಸಿನ ಗಾರ್ಡ್ ಸಡಿಲವಾಗಿದೆಯೆಂದು ಹೇಳಲು ಮುಂದೆ ಬರಲಾರ. ದೂರು ಬಾರದ ಕಾರ್ಖಾನೆಯೆಲ್ಲ ನೆಮ್ಮದಿಯ ಕಾರ್ಖಾನೆಯಲ್ಲ.

ಇನ್ನು ಅಳೆಯುವ ಕ್ರಮ. ಪರದೇಶದ ಪ್ರಶ್ನೆಗಳನ್ನು ಪದಶಃ ಕನ್ನಡಿಸಿದರೆ ಪ್ರಯೋಜನವಿಲ್ಲ. ‘ಉದ್ಯೋಗದ ಅಭದ್ರತೆ’ ಎಂಬ ಪದವೇ ಶಾಪ್‌ಫ್ಲೋರಿನಲ್ಲಿ ಅಪರಿಚಿತ; ‘ಮುಂದಿನ ದೀಪಾವಳಿಗೂ ಇಲ್ಲಿಯೇ ಕೆಲಸದಲ್ಲಿರುತ್ತೇನೆಂಬ ನಂಬಿಕೆಯಿದೆಯೇ?’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಒಡಿಶಾ, ಬಿಹಾರಗಳಿಂದ ಬಂದವರಿಗೆ ಅವರವರ ಭಾಷೆಯಲ್ಲಿಯೇ ಕೇಳಬೇಕು. ಸೂಪರ್‌ವೈಸರ್ ಎದುರು ನಿಂತು ಕೇಳಿದರೆ ಎಲ್ಲದಕ್ಕೂ ‘ಹೌದು ಸಾರ್’ ಎಂಬ ಉತ್ತರವೇ ಬರುತ್ತದೆ. ಆದುದರಿಂದ ಒಂದಾದರೂ ಪ್ರಶ್ನೆ ಹಿಮ್ಮುಖವಾಗಿರಬೇಕು. ಹನ್ನೆರಡು ಮಂದಿಯ ಘಟಕದಲ್ಲಿ ವಯಸ್ಸು, ವಿಭಾಗ, ಸೇವಾವಧಿಗಳನ್ನು ಕೇಳುವುದು ಹೆಸರು ಬರೆಸಿಕೊಂಡಂತೆಯೇ ಸರಿ. ಒಂದು ಕೈಗಾರಿಕಾ ವಸಾಹತುವಿನ ಹತ್ತಿಪ್ಪತ್ತು ಘಟಕಗಳು ತಮ್ಮ ಸಂಘದ ಮೂಲಕ ಒಂದಾಗಿ, ಚೀಟಿಗಳನ್ನು ಸಮೀಪದ ಕಾಲೇಜಿನ ಸಮಾಜಕಾರ್ಯ ವಿಭಾಗಕ್ಕೆ ಒಪ್ಪಿಸಿ, ಒಟ್ಟು ಫಲಿತಾಂಶವನ್ನಷ್ಟೇ ಪಡೆಯುವುದು ಕ್ಷೇಮ. ಒಮ್ಮೆ ಅಳೆದು ಬಿಟ್ಟರೂ ಸಾಲದು. ಆರು ತಿಂಗಳ ಅನಂತರದ ಅಂಕಿಯೊಡನೆ ಹೋಲಿಸಿದಾಗಲೇ ಮೊದಲ ಅಂಕಿಗೆ ಅರ್ಥ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಕಾರ್ಮಿಕರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿ 100ರಿಂದ 300ಕ್ಕೆ ಏರಿದೆ. ನಲವತ್ತು ಮಂದಿಯ ಘಟಕಕ್ಕೆ ಹಿಂದೆಯೂ ಆ ನಿಯಮ ಅನ್ವಯಿಸುತ್ತಿರಲಿಲ್ಲ, ಈಗಲೂ ಇಲ್ಲ. ಆದರೆ ‘ಇನ್ನು ಯಾರನ್ನು ಬೇಕಾದರೂ ತೆಗೆಯಬಹುದಂತೆ’ ಎಂಬ ಸುದ್ದಿ ಅಲ್ಲಿಗೂ ತಲುಪುತ್ತದೆ. ಅಂಥ ವದಂತಿಗೆ ಉತ್ತರ ಸೂಚನಾ ಫಲಕದಲ್ಲಿಯೇ ಸಿಗಬೇಕು: ಕೈಯಲ್ಲಿರುವ ಆರ್ಡರುಗಳು ಎಷ್ಟು ತಿಂಗಳಿಗೆ ಸಾಕು, ಹೊಸ ಯಂತ್ರ ಯಾವಾಗ ಬರುತ್ತದೆ, ಅದರ ತರಬೇತಿ ಯಾರಿಗೆ. ಸಮೀಕ್ಷೆಯ ಫಲಿತಾಂಶವನ್ನೂ ಅದೇ ಫಲಕಕ್ಕೆ ಅಂಟಿಸಬೇಕು. ಅದಕ್ಕೆ ಸಿದ್ಧರಿಲ್ಲದವರು ಪ್ರಶ್ನೆ ಕೇಳದಿರುವುದೇ ಲೇಸು. ಉತ್ತರ ಪಡೆದು ಸುಮ್ಮನಾದ ಮಾಲೀಕ ಯಾರನ್ನು ಮೊದಲು ತೆಗೆಯಬೇಕೆಂಬ ಪಟ್ಟಿ ಮಾಡುತ್ತಿದ್ದಾನೆಂದೇ ಕಾರ್ಮಿಕರು ತಿಳಿಯುತ್ತಾರೆ.